ಕಡಿದಾದ ಟ್ರಸ್ಸಿನಲ್ಲಿ ಪ್ಲೇಟು ಎದ್ದರೆ ಎಲ್ಲಿಂದ ನೋಡಬೇಕು

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹಳೆ ಮನೆ ಅಂದ್ರೆ ಮಾಳಿಗೆ. ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಮಣ್ಣು. ಮಳೆ ಕಮ್ಮಿ ಇರುವ ಊರಿಗೆ ಅದೇ ಸರಿ ಇತ್ತು. ಈಗ ಆನೆಗೊಂದಿ, ಸಣಾಪುರದ ಸುತ್ತ ಹೋಮ್‌ಸ್ಟೇಗಳು ಬಂದಿವೆ. ಗಂಗಾವತಿ ಹೊರಗೆ ತೋಟದ ಮನೆಗಳು, ಸಂಡೂರಿನ ಗುಡ್ಡದ ಬದಿಗೆ ಕಾಟೇಜುಗಳು ಬಂದಿವೆ. ಎಲ್ಲರಿಗೂ ಫೋಟೊದಲ್ಲಿ ಕಂಡ ಹಾಗೆ ಕಡಿದಾದ ಹಂಚಿನ ಮಾಡು ಬೇಕು. ಅದಕ್ಕೆ ಪೈನ್ ಕಟ್ಟಿಗೆಯ ಟ್ರಸ್ಸು, ಅಂದರೆ ಮಾಡು ಹೊರುವ ತ್ರಿಕೋನದ ಚೌಕಟ್ಟು: ಎರಡು ಇಳಿಜಾರು ಕಟ್ಟಿಗೆ, ಕೆಳಗೊಂದು ಅಡ್ಡ ಕಟ್ಟಿಗೆ. ಜಾಯಿಂಟಿಗೆ ಹಲ್ಲಿರುವ ತಗಡಿನ ಪ್ಲೇಟು.

ಈ ಪ್ಲೇಟು ನಮ್ಮ ಬಡಗಿಗಳಿಗೆ ಹೊಸದು. ಅಮೆರಿಕದ ಫ್ಲೋರಿಡಾದಲ್ಲಿ 1950ರ ದಶಕದಲ್ಲಿ ಹುಟ್ಟಿದ್ದು. 1955ರ ಹೊತ್ತಿಗೆ ಬೇರೆ ಮೊಳೆಯೇ ಬೇಡದ, ಹಲ್ಲಿನಿಂದಲೇ ಕಚ್ಚಿ ಹಿಡಿಯುವ ಗ್ಯಾಂಗ್ ನೇಲ್ ಪ್ಲೇಟು ಬಂತು. ಸತು ಲೇಪನದ ತೆಳು ಉಕ್ಕು, ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು ದಪ್ಪ. ಅದರಲ್ಲಿ ಸೀಳು ಹೊಡೆದು, ಸೀಳಿನ ಉಕ್ಕನ್ನೇ ಮಡಚಿ ಹಲ್ಲು ಮಾಡಿರುತ್ತಾರೆ. ಹಲ್ಲಿನ ಉದ್ದ 8 ಮಿ.ಮೀ. ಹತ್ತಿರ. ಜಾಯಿಂಟಿನ ಎರಡೂ ಮುಖಕ್ಕೆ ಒಂದೊಂದು ಇಟ್ಟು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಬೇಕು.

ಪ್ಲೇಟು ಕಟ್ಟಿಗೆಯಿಂದ ಎದ್ದಿದೆ ಎಂದು ಫೋನ್ ಬಂದಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಎರಡೇ. ಕಟ್ಟಿಗೆ ಸರಿಯಿಲ್ಲ, ಇಲ್ಲವೇ ಬಿಸಿಲು ಜಾಸ್ತಿ. ಎರಡೂ ನಿಜ ಇರಬಹುದು. ಆದರೆ ಕಡಿದಾದ ಟ್ರಸ್ಸಿನಲ್ಲಿ ನಾನು ಮೊದಲು ನೋಡುವುದು ಪ್ಲೇಟಿನ ದಿಕ್ಕು. ಸೀಳು ಯಾವ ಕಡೆಗೆ ಓಡಿದೆ, ಯಾವ ಕಟ್ಟಿಗೆಯ ಮೇಲೆ ಎಷ್ಟು ಹಲ್ಲು ಬಿದ್ದಿದೆ, ಇವೆರಡು ಗೊತ್ತಾದ ಮೇಲೇ ಉಳಿದದ್ದು.

ಮೊದಲು ಆಸರೆ

ಪ್ಲೇಟು ಎದ್ದ ಟ್ರಸ್ಸಿನ ಕೆಳಗೆ ನಿಂತು ವಾದ ಮಾಡಬೇಡಿ. ಎದ್ದ ಜಾಯಿಂಟಿನ ಹತ್ತಿರ ಅಡ್ಡ ಕಟ್ಟಿಗೆಗೆ ಆಸರೆ ಕಂಬ ಕೊಟ್ಟು, ಜಾಕ್ ಬಿಗಿ ಆಗುವಷ್ಟು ಮಾತ್ರ ತಿರುಗಿಸಿ. ಎತ್ತಲು ಹೋಗಬೇಡಿ. ಎತ್ತಿದರೆ ಇನ್ನೊಂದು ಜಾಯಿಂಟು ಬಾಯಿ ಬಿಡುತ್ತದೆ. ಹಂಚು ಇಳಿಸುವುದಾದರೆ ಎರಡೂ ಇಳಿಜಾರಿನಿಂದ ಸಮನಾಗಿ ಇಳಿಸಿ. ಮಂಗಳೂರು ಹಂಚು ಅಂದರೆ ಚದರ ಮೀಟರಿಗೆ ಸುಮಾರು 40 ಕಿಲೊ. ಒಂದೇ ಕಡೆ ಖಾಲಿ ಮಾಡಿದರೆ ಟ್ರಸ್ಸು ಪಕ್ಕಕ್ಕೆ ಎಳೆಯುತ್ತದೆ.

ಸೀಳು ಓದುವುದು

ಪ್ಲೇಟಿನ ಆಕಾರ ನೋಡಿ ದಿಕ್ಕು ಹೇಳಬೇಡಿ. ಸೀಳು ನೋಡಿ. ಪ್ಲೇಟಿನ ಮೇಲೆ ಸಣ್ಣ ಉದ್ದನೆ ತೂತುಗಳ ಸಾಲು ಕಾಣುತ್ತದೆ. ಆ ತೂತಿನ ಉದ್ದ ಯಾವ ಕಡೆಗಿದೆಯೋ ಅದೇ ಪ್ಲೇಟಿನ ಉದ್ದದ ದಿಕ್ಕು. ಎಳೆತ ಸೀಳಿನ ಉದ್ದಕ್ಕೆ ಬಂದರೆ ಸೀಳು ಸೀಳಿನ ನಡುವೆ ಉಕ್ಕಿನ ಪಟ್ಟಿಗಳು ಅಖಂಡವಾಗಿ ಓಡುತ್ತವೆ, ಎಳೆತವನ್ನು ಅವು ಹೊರುತ್ತವೆ. ಅದೇ ಎಳೆತ ಸೀಳಿಗೆ ಅಡ್ಡ ಬಂದರೆ ದಾರಿಯಲ್ಲಿ ತೂತೇ ಜಾಸ್ತಿ. ಪ್ಲೇಟು ಅದೇ, ಅಳತೆ ಅದೇ, ತಾಕತ್ತು ಬೇರೆ.

ಡ್ರಾಯಿಂಗಿನಲ್ಲಿ ಇದನ್ನು ಬರೆಯುವ ಕ್ರಮ ಒಂದಿದೆ. ಎರಡು ಅಳತೆಯಲ್ಲಿ ಮೊದಲನೆಯದು ಸೀಳಿಗೆ ಅಡ್ಡ ಇರುವ ಅಗಲ. ಎರಡನೆಯದು ಸೀಳಿನ ಗುಂಟ ಇರುವ ಉದ್ದ. ಪಕ್ಕದಲ್ಲಿ ಸಣ್ಣ ಸಮಾನಾಂತರ ಗೆರೆಗಳ ಗುರುತು ಇದ್ದರೆ ಅದು ಸೀಳಿನ ದಿಕ್ಕು. ಅಂದರೆ 100×150 ಬೇರೆ, 150×100 ಬೇರೆ. ನಮ್ಮ ಕಡೆ ಸೈಟಿನಲ್ಲಿ ಹತ್ತಕ್ಕೆ ಒಂಬತ್ತು ಜನ ಎರಡೂ ಒಂದೇ ಎಂದು ಓದುತ್ತಾರೆ. ಟೈಲ್ಸು, ಪ್ಲೈವುಡ್ಡು ಕೊಂಡು ರೂಢಿ ಆದವರಿಗೆ 2×4 ಆದರೇನು, 4×2 ಆದರೇನು? ಆದರೆ ಇಲ್ಲಿ 150×100 ಬೇಕಾದ ಜಾಗಕ್ಕೆ 100×150 ಪ್ಲೇಟನ್ನು ತಿರುಗಿಸಿ ಇಟ್ಟರೆ, ಮುಚ್ಚುವ ಜಾಗ ಅಷ್ಟೇ ಇರುತ್ತದೆ, ಸೀಳು ಮಾತ್ರ ಅಡ್ಡಡ್ಡ ಆಗಿಬಿಡುತ್ತದೆ. ದೂರದಿಂದ ನೋಡಿದ ಎಂಜಿನಿಯರಿಗೂ ಗೊತ್ತಾಗುವುದಿಲ್ಲ. ಚೌಕ ಪ್ಲೇಟಾದರೆ ಹತ್ತಿರದಿಂದ ನೋಡಿದರೂ ಗೊತ್ತಾಗದು, ಸೀಳಿಗೆ ಕೈ ಇಡಬೇಕು.

ದಿಕ್ಕಿನ ಇನ್ನೊಂದು ಅರ್ಧ ಕಟ್ಟಿಗೆಯ ಎಳೆಯಲ್ಲಿದೆ. ಹಲ್ಲು ಕಚ್ಚಿ ಹಿಡಿಯುವ ಬಲ ಎರಡು ಕೋನಗಳ ಮೇಲೆ ನಿಂತಿದೆ. ಬಲ ಮತ್ತು ಸೀಳಿನ ನಡುವಿನ ಕೋನ ಒಂದು, ಬಲ ಮತ್ತು ಕಟ್ಟಿಗೆಯ ಎಳೆಯ ನಡುವಿನ ಕೋನ ಇನ್ನೊಂದು. ಅದಕ್ಕೇ ಪ್ಲೇಟು ತಯಾರಕರ ಪಟ್ಟಿಯಲ್ಲಿ ಒಂದೇ ಪ್ಲೇಟಿಗೆ ಹಿಡಿತದ ನಾಲ್ಕು ಅಂಕಿ ಇರುತ್ತವೆ: ಎರಡೂ ಉದ್ದಕ್ಕೆ, ಎರಡೂ ಅಡ್ಡಕ್ಕೆ, ಒಂದು ಉದ್ದ ಒಂದು ಅಡ್ಡ, ಅದರ ತಿರುವು. ನಡುವಿನ ಕೋನಗಳಿಗೆ ಸೂತ್ರ ಹಾಕಿ ತೆಗೆಯುತ್ತಾರೆ. ಪ್ಲೇಟು ಕೊಡುವಾಗ ಅಂಗಡಿಯವರು ಈ ಪಟ್ಟಿ ಕೊಡದಿದ್ದರೆ ಆ ಪ್ಲೇಟನ್ನೇ ತರಬೇಡಿ.

ಕಡಿದಾದರೆ ಏನು ಬದಲಾಗುತ್ತದೆ

ಇಲ್ಲೊಂದು ವಿಚಿತ್ರ ಇದೆ. ಮಾಡು ಕಡಿದಾದಷ್ಟೂ ಅಡ್ಡ ಕಟ್ಟಿಗೆಯ ಎಳೆತ ಕಮ್ಮಿ ಆಗುತ್ತದೆ. ಒಂದು ಸರಳ ಲೆಕ್ಕ ಮಾಡೋಣ. 6 ಮೀಟರ್ ಅಗಲ, 600 ಮಿ.ಮೀ.ಗೆ ಒಂದು ಟ್ರಸ್ಸು, ಹಂಚು ರೀಪು ಕಟ್ಟಿಗೆ ಎಲ್ಲಾ ಸೇರಿ ಇಳಿಜಾರಿನ ಚದರ ಮೀಟರಿಗೆ 65 ಕಿಲೊ ಎಂದುಕೊಳ್ಳಿ. ನಡುವಿನ ಸಣ್ಣ ಕಟ್ಟಿಗೆಗಳನ್ನು ಬಿಟ್ಟು ಬರೀ ತ್ರಿಕೋನ ಎಂದು ಹಿಡಿಯೋಣ. 20 ಡಿಗ್ರಿ ಇಳಿಜಾರಿದ್ದರೆ ಟ್ರಸ್ಸಿನ ಮೇಲೆ ಒಟ್ಟು 250 ಕಿಲೊ, ಅಡ್ಡ ಕಟ್ಟಿಗೆಯ ಎಳೆತ 170 ಕಿಲೊ. 50 ಡಿಗ್ರಿಗೆ ಹೋದರೆ ಒಟ್ಟು ಭಾರ 360 ಕಿಲೊ ದಾಟುತ್ತದೆ, ಎಳೆತ ಮಾತ್ರ 76 ಕಿಲೊಗೆ ಇಳಿಯುತ್ತದೆ. ಭಾರ ಏರಿತು, ಎಳೆತ ಅರ್ಧಕ್ಕಿಂತ ಕೆಳಗೆ ಬಂತು. ಹಾಗಾದರೆ ಕಡಿದಾದ ಟ್ರಸ್ಸಿನಲ್ಲಿ ಜಾಯಿಂಟು ಇನ್ನೂ ಆರಾಮ ಇರಬೇಕಲ್ವಾ?

ಇರುವುದಿಲ್ಲ. ಕಾರಣ ಕೂರುವ ಜಾಗ. ಬುಡದ ಜಾಯಿಂಟಿನಲ್ಲಿ ಅಡ್ಡ ಕಟ್ಟಿಗೆಯ ತುದಿಯನ್ನು ಓರೆಯಾಗಿ ಕೊಯ್ದು ಅದರ ಮೇಲೆ ಇಳಿಜಾರು ಕಟ್ಟಿಗೆಯನ್ನು ಕೂರಿಸುತ್ತಾರೆ. ಅಡ್ಡ ಕಟ್ಟಿಗೆ 100 ಮಿ.ಮೀ. ಎತ್ತರ ಇದ್ದರೆ, 15 ಡಿಗ್ರಿ ಮಾಡಿನಲ್ಲಿ ಆ ಓರೆ ಗೆರೆ 386 ಮಿ.ಮೀ. ಉದ್ದ. 50 ಡಿಗ್ರಿಯಲ್ಲಿ ಬರೀ 130. ಇಳಿಜಾರು ಕಮ್ಮಿ ಇದ್ದಾಗ ಪ್ಲೇಟನ್ನು ಅಡ್ಡ ಕಟ್ಟಿಗೆಗೆ ಸಮಾನಾಂತರವಾಗಿ ಸುಮ್ನೆ ಇಟ್ಟರೂ ಎರಡೂ ಕಟ್ಟಿಗೆಗೆ ಬೇಕಾದಷ್ಟು ಹಲ್ಲು ಸಿಗುತ್ತವೆ. ಕಡಿದಾದಾಗ ಅದೇ ಪ್ಲೇಟಿನ ಒಂದು ಮೂಲೆ ಮಾತ್ರ ಇಳಿಜಾರು ಕಟ್ಟಿಗೆಯ ಮೇಲೆ ಬೀಳುತ್ತದೆ. ಉಳಿದದ್ದೆಲ್ಲ ಅಡ್ಡ ಕಟ್ಟಿಗೆಯ ಮೇಲೆ, ಇಲ್ಲವೇ ಗಾಳಿಯಲ್ಲಿ.

ಇದರ ಮೇಲೆ ಬುಡದ ಜಾಯಿಂಟಿಗೆ ಒಂದು ಕಡಿತವೂ ಇದೆ. ಅಮೆರಿಕದ ಟ್ರಸ್ ಪ್ಲೇಟ್ ಇನ್‌ಸ್ಟಿಟ್ಯೂಟಿನ ಲೆಕ್ಕದಲ್ಲಿ ಬುಡದ ಪ್ಲೇಟಿನ ಹಲ್ಲಿನ ಹಿಡಿತವನ್ನು ತೀರಾ ಕಮ್ಮಿ ಇಳಿಜಾರಿಗೆ 0.85ರಿಂದ ಗುಣಿಸುತ್ತಾರೆ. ಇಳಿಜಾರು ಏರಿದ ಹಾಗೆ ಅದು 0.65ಕ್ಕೆ ಇಳಿಯುತ್ತದೆ, ಅಲ್ಲೇ ನಿಲ್ಲುತ್ತದೆ. ಸುಮಾರು 27 ಡಿಗ್ರಿ ದಾಟಿದ ಎಲ್ಲ ಮಾಡಿಗೂ 0.65. ಕಡಿದಾದ ಮಾಡು ಗಾಳಿಗೂ ಎದೆ ಕೊಡುತ್ತದೆ. ಇಳಿಜಾರು ಕಮ್ಮಿ ಇದ್ದರೆ ಗಾಳಿ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ, ಕಡಿದಾಗಿದ್ದರೆ ಎದುರು ಮುಖವನ್ನು ಒಳಕ್ಕೆ ತಳ್ಳುತ್ತದೆ. ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬೀಸುವ ಗಾಳಿ ನಮ್ಮ ಬಯಲಲ್ಲಿ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ.

ಬುಡದ ಜಾಯಿಂಟು

ಇದೇ ಮುಖ್ಯ ಜಾಗ. ಕಡಿದಾದ ಟ್ರಸ್ಸಿನಲ್ಲಿ ಇಲ್ಲಿನ ಪ್ಲೇಟು ಮಟ್ಟಸವಾಗಿ ಕೂತಿದ್ದರೆ ಅನುಮಾನ ಪಡಿ. ಹೆಚ್ಚಿನ ಡ್ರಾಯಿಂಗುಗಳಲ್ಲಿ ಅದನ್ನು ಓರೆ ಗೆರೆಯ ಗುಂಟ ತಿರುಗಿಸಿರುತ್ತಾರೆ. ಆಗ ಸೀಳು ಇಳಿಜಾರು ಕಟ್ಟಿಗೆಯ ಜೊತೆ ಓಡುತ್ತದೆ, ಪ್ಲೇಟಿನ ಅರ್ಧ ಅಗಲ ಇತ್ತ, ಅರ್ಧ ಅತ್ತ. ಎಲ್ಲ ಟ್ರಸ್ಸಿಗೂ ಹೀಗೇ ಇರಬೇಕು ಅಂತಲ್ಲ. ಡ್ರಾಯಿಂಗು ಏನು ಹೇಳಿದೆಯೋ ಅದು. ಆದರೆ ಡ್ರಾಯಿಂಗು ಓರೆ ಹೇಳಿ, ಸೈಟಿನಲ್ಲಿ "ಚಂದ ಕಾಣಂಗಿಲ್ಲ ರೀ" ಎಂದು ನೇರ ಮಾಡಿದ್ದನ್ನು ನೋಡಿದ್ದೇನೆ.

ಹಲ್ಲು ಎಣಿಸಲು ಒಂದು ಉಪಾಯ ಇದೆ. ಮಕ್ಕಳ ಪ್ರಾಜೆಕ್ಟಿಗೆ ತರುವ ಪಾರದರ್ಶಕ ಹಾಳೆ ತನ್ನಿ. ಅದೇ ಅಳತೆಯ ಹೊಸ ಪ್ಲೇಟಿನ ಮೇಲೆ ಇಟ್ಟು ಪ್ರತಿ ಹಲ್ಲಿನ ಜಾಗಕ್ಕೆ ಮಾರ್ಕರಿನಲ್ಲಿ ಚುಕ್ಕೆ ಹಾಕಿ. ಆ ಹಾಳೆಯನ್ನು ಟ್ರಸ್ಸಿನ ಪ್ಲೇಟಿನ ಮೇಲೆ ಹಿಡಿದು, ಕಟ್ಟಿಗೆಯ ಅಂಚು ಮತ್ತು ಕೂಡು ಗೆರೆ ಎಳೆಯಿರಿ. ಈಗ ಯಾವ ಕಟ್ಟಿಗೆಗೆ ಎಷ್ಟು ಚುಕ್ಕೆ ಎಂದು ಎಣಿಸಿ. ಕಟ್ಟಿಗೆಯ ಅಂಚಿನಿಂದ 6 ಮಿ.ಮೀ. ಒಳಗೆ, ಕೊಯ್ದ ತುದಿಯಿಂದ 12 ಮಿ.ಮೀ. ಒಳಗೆ ಬಿದ್ದ ಹಲ್ಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಂಟಿನ ಮೇಲೆ ಬಿದ್ದದ್ದನ್ನೂ ಬಿಡಿ. ಒಂದು ಕಟ್ಟಿಗೆಗೆ 30, ಇನ್ನೊಂದಕ್ಕೆ 8 ಬಂದರೆ ರೋಗ ಗೊತ್ತಾಯಿತು. ಆ 8 ಇರುವ ಮೂಲೆಯೇ ಮೊದಲು ಏಳುತ್ತದೆ.

ಒಂದು ಕಡೆ ಮಾತ್ರ ಏಳುವ ಕಥೆ ಹೇಳಲೇಬೇಕು. ಸಣಾಪುರದ ಹತ್ತಿರ ಒಂದು ಹೋಮ್‌ಸ್ಟೇ. 50 ಡಿಗ್ರಿ ಮಾಡು, 38×100 ಪೈನು, 100×150 ಪ್ಲೇಟು. ಸಾಲಾಗಿ ನಿಂತ ಟ್ರಸ್ಸುಗಳಲ್ಲಿ ಪಶ್ಚಿಮದ ಬುಡ ಮಾತ್ರ ಎದ್ದಿತ್ತು. ಪೂರ್ವದ ಬುಡ ಎಲ್ಲಾ ಗಟ್ಟಿ. ಮಾಲೀಕರು, ಮೇಸ್ತ್ರಿ ಎಲ್ಲರೂ ಗಾಳಿ ಅಂದರು. ಮಳೆ ಗಾಳಿ ಆ ಕಡೆಯಿಂದಲೇ ಬರುತ್ತದೆ, ಮಾತು ಒಪ್ಪುವ ಹಾಗೇ ಇತ್ತು. ಆದರೆ ಸಾಲಿನಲ್ಲಿ ಒಂದು ಟ್ರಸ್ಸಿನದು ಉಲ್ಟಾ: ಪೂರ್ವದ ಬುಡ ಎದ್ದಿತ್ತು, ಪಶ್ಚಿಮದ್ದು ಗಟ್ಟಿ ಇತ್ತು. ಗಾಳಿಯೇ ಕಾರಣ ಆದರೆ ಅದೊಂದಕ್ಕೆ ಮಾತ್ರ ಪೂರ್ವದಿಂದ ಬೀಸಿತೇ? ಆ ಟ್ರಸ್ಸಿನ ನಡುಗಂಬದ ಮೇಲಿನ ಚಾಕ್ ಗುರುತು ನೋಡಿದೆವು. ಉಳಿದವುಗಳಲ್ಲೆಲ್ಲ ಗುರುತು ಒಂದೇ ಕಡೆಗಿತ್ತು, ಇದರಲ್ಲಿ ಅದರ ಎದುರು ಕಡೆಗೆ. ಎತ್ತಿ ನಿಲ್ಲಿಸುವಾಗ ಅದನ್ನು ತಿರುಗಿಸಿ ನಿಲ್ಲಿಸಿದ್ದರು. ಅಂದರೆ ತಪ್ಪು ಪಶ್ಚಿಮ ದಿಕ್ಕಿನದಲ್ಲ, ಟ್ರಸ್ಸಿನ ಬಲ ತುದಿಯದು.

ಬಡಗಿಯನ್ನು ಕೇಳಿದರೆ ಅವರು ಮುಚ್ಚುಮರೆ ಇಲ್ಲದೆ ಹೇಳಿದರು: "ಒಂದ ಅಚ್ಚು ರೀ ಸರ. ಎರಡೂ ತುದಿಗೆ ಅದನ್ನ ಇಟ್ಟೇವಿ." ಅಷ್ಟೇ ಆಗಿದ್ದು. ಎಡ ಬುಡಕ್ಕೆ ಪ್ಲೈವುಡ್ಡಿನಲ್ಲಿ ಅಚ್ಚು ಕೊಯ್ದು ಪ್ಲೇಟು ಓರೆಯಾಗಿ ಕೂರಿಸಿದ್ದರು, ಅದು ಸರಿ ಇತ್ತು. ಬಲ ಬುಡಕ್ಕೆ ಅಚ್ಚನ್ನು ಮಗುಚಿ ಇಡಬೇಕಿತ್ತು. ಮಗುಚದೆ ಹಾಗೇ ಜರುಗಿಸಿ ಇಟ್ಟಿದ್ದರು. ಹಾಗಾಗಿ ಅಲ್ಲಿ ಪ್ಲೇಟು ಓರೆ ಗೆರೆಯ ಗುಂಟ ಕೂರದೆ ಅದನ್ನು ಅಡ್ಡ ಕೊಯ್ದ ಹಾಗೆ ಕೂತಿತ್ತು. ಮೂಲೆಗಳು ಕಟ್ಟಿಗೆಯಿಂದ ಹೊರಗೆ, ಆ ಹಲ್ಲುಗಳು ಗಾಳಿಯಲ್ಲಿ. ಕೂಡು ಗೆರೆಯ ಮೇಲೆ ಉಕ್ಕಿನ ಅಳತೆಯೂ ಕಮ್ಮಿ. ಹಿಂದಿನ ಮುಖದ ಪ್ಲೇಟನ್ನು ಮುಂದಿನದಕ್ಕೆ ಸರಿಯಾಗಿ ಎದುರು ಕೂರಿಸಿದ್ದರು, ಆದ್ದರಿಂದ ಎರಡೂ ಮುಖದಲ್ಲಿ ಒಂದೇ ತಪ್ಪು.

ಇದರ ಇನ್ನೊಂದು ರೂಪವೂ ಇದೆ. ಟ್ರಸ್ಸನ್ನು ಮಗುಚಿ ಹಿಂದಿನ ಮುಖಕ್ಕೂ ಅದೇ ಅಚ್ಚನ್ನು ಎರಡೂ ತುದಿಗೆ ಇಟ್ಟರೆ, ಪ್ರತಿ ಬುಡದಲ್ಲೂ ಒಂದು ಮುಖ ಸರಿ, ಒಂದು ಮುಖ ತಪ್ಪು ಆಗುತ್ತದೆ. ಆಗ ಎರಡೂ ತುದಿ ಒಂದೇ ರೀತಿ ಕಾಣುತ್ತವೆ, ಮುಂದಿನಿಂದ ನೋಡಿದರೆ ಒಂದು ತುದಿ ಚೆನ್ನಾಗಿಯೂ ಕಾಣುತ್ತದೆ. ಇಂಥ ಜಾಯಿಂಟಿನಲ್ಲಿ ಭಾರ ಎರಡು ಮುಖಕ್ಕೆ ಸಮನಾಗಿ ಹಂಚುವುದಿಲ್ಲ, ಕಟ್ಟಿಗೆ ತಿರುಚಿಕೊಳ್ಳುತ್ತದೆ. ಅದಕ್ಕೇ ಏಣಿ ಹತ್ತಿದವರು ಎರಡೂ ಮುಖ ನೋಡಿಯೇ ಇಳಿಯಬೇಕು. ಗೋಡೆ ಕಡೆಯ ಮುಖಕ್ಕೆ ಕಣ್ಣು ಹೋಗದಿದ್ದರೆ ಫೋನ್ ಕ್ಯಾಮೆರಾ ಒಳಗೆ ಹಾಕಿ.

ಒಂದು ಮಾತು ಇಲ್ಲೇ ಹೇಳುತ್ತೇನೆ. ದಿಕ್ಕು ತಪ್ಪಿದ ಪ್ಲೇಟು ಮೊದಲ ದಿನ ಏಳುವುದಿಲ್ಲ. ಜಾಯಿಂಟಿನಲ್ಲಿ ಇರಬೇಕಾದ ಹೆಚ್ಚುವರಿ ತಾಕತ್ತನ್ನು ಅದು ತಿಂದು ಹಾಕಿರುತ್ತದೆ, ಅಷ್ಟೆ. ಆಮೇಲೆ ಕಟ್ಟಿಗೆ ಒಣಗುತ್ತದೆ, ಒಂದು ದೊಡ್ಡ ಗಾಳಿ ಬರುತ್ತದೆ, ಆಗ ಏಳುತ್ತದೆ. ಜನ ಕೊನೆಗೆ ಬಂದ ಗಾಳಿಯನ್ನು ಬೈಯುತ್ತಾರೆ.

ನೆತ್ತಿ ಜಾಯಿಂಟು

ಇಲ್ಲಿ ಎರಡು ಇಳಿಜಾರು ಕಟ್ಟಿಗೆ ನೆಟ್ಟಗೆ ಕೊಯ್ದ ಮುಖದಲ್ಲಿ ಸೇರುತ್ತವೆ. 100 ಮಿ.ಮೀ. ಕಟ್ಟಿಗೆಗೆ 50 ಡಿಗ್ರಿಯಲ್ಲಿ ಆ ನೆಟ್ಟ ಗೆರೆ 155 ಮಿ.ಮೀ. ಆಸುಪಾಸು. ಜಾಗ ಎತ್ತರಕ್ಕೆ ಇದೆ, ಅಗಲಕ್ಕೆ ಇಲ್ಲ. ಮಟ್ಟಸವಾಗಿ ಇಟ್ಟ ಪ್ಲೇಟಿನ ಮೇಲಿನ ಎರಡು ಮೂಲೆ ಮಾಡಿನಿಂದ ಹೊರಗೆ ಬರುತ್ತವೆ. ರೀಪು ಹೊಡೆಯುವವರಿಗೆ ಅಡ್ಡ ಬಂತೆಂದು ಆ ಮೂಲೆಯನ್ನು ಗ್ರೈಂಡರಿನಲ್ಲಿ ಕೊಯ್ದುಬಿಡುತ್ತಾರೆ. ಕೊಯ್ದ ಪ್ಲೇಟು ಕಂಡರೆ ದಿಕ್ಕು ತಪ್ಪಿದೆ ಎಂದೇ ತಿಳಿಯಿರಿ. ಕೊಯ್ದ ಅಂಚಿನಲ್ಲಿ ಸತು ಹೋಗಿರುತ್ತದೆ, ಅಲ್ಲಿಂದ ತುಕ್ಕು ಶುರು.

ನಡುಗಂಬ ಇರುವ ಟ್ರಸ್ಸಿನಲ್ಲಿ ಇಳಿಜಾರು ಕಟ್ಟಿಗೆಗಳು ಒಂದನ್ನೊಂದು ಒತ್ತುತ್ತವೆ. ಆ ಒತ್ತಡವನ್ನು ಕಟ್ಟಿಗೆಗೆ ಕಟ್ಟಿಗೆಯೇ ಹೊರುತ್ತದೆ. ಪ್ಲೇಟು ಹೊರಬೇಕಾದದ್ದು ನಡುಗಂಬದ ಕೆಳಮುಖ ಎಳೆತ. ಹಾಗಾಗಿ ಸೀಳು ನೆಟ್ಟಗೆ ಇದ್ದರೆ ಒಳ್ಳೆಯದು. ಇಲ್ಲಿನ ಪ್ಲೇಟಿನ ನಡುವೆ ಉಬ್ಬು ಬಂದಿದ್ದರೆ ದಿಕ್ಕಿಗಿಂತ ಮೊದಲು ಕೊಯ್ತ ನೋಡಿ. ಕಟ್ಟಿಗೆ ಕಟ್ಟಿಗೆಯ ನಡುವೆ ಸಂದು ಉಳಿದಿದ್ದರೆ ಒತ್ತಡವೆಲ್ಲ ತೆಳು ತಗಡಿನ ಮೇಲೆ ಬೀಳುತ್ತದೆ, ಅದು ಮಡಚುತ್ತದೆ. ಮೇಲೆ ಹೇಳಿದ ಟ್ರಸ್ ಪ್ಲೇಟ್ ಇನ್‌ಸ್ಟಿಟ್ಯೂಟಿನ ನಿಯಮದಲ್ಲಿ ಮಾಡಿನ ಟ್ರಸ್ಸಿಗೆ 3 ಮಿ.ಮೀ. ಹತ್ತಿರದ ಸಂದಿನವರೆಗೆ ಬಿಡುತ್ತಾರೆ. ನನಗೆ ಕೇಳಿದರೆ ನೆತ್ತಿಯಲ್ಲಿ ಅಷ್ಟೂ ಜಾಸ್ತಿಯೇ. ಐದು ರೂಪಾಯಿ ನಾಣ್ಯ ಸಲೀಸಾಗಿ ಹೋಗುವ ಸಂದು ಕಂಡರೆ ಕಟ್ಟಿಗೆ ಕೊಯ್ದವರನ್ನೇ ಕರೆಸಿ.

ಅಡ್ಡ ಕಟ್ಟಿಗೆಯ ಎರಡು ತುಂಡು ಉದ್ದಕ್ಕೆ ಸೇರುವ ಜಾಯಿಂಟು

ಇಲ್ಲಿ ಗೊಂದಲ ಇಲ್ಲ. ಬರೀ ಎಳೆತ. ಸೀಳು ಕಟ್ಟಿಗೆಯ ಉದ್ದಕ್ಕೇ ಇರಬೇಕು. ಕೂಡು ಗೆರೆಯ ಮೇಲೆ ತಗಡು ಸೀಳಿನಿಂದ ಸೀಳಿಗೆ ಹರಿದಿದ್ದರೆ ಪ್ಲೇಟನ್ನು ಅಡ್ಡ ಇಟ್ಟಿದ್ದಾರೆ ಅಥವಾ ಪ್ಲೇಟು ಸಣ್ಣದು. ಹಲ್ಲು ಹಿಡಿದೇ ಇದ್ದು ತಗಡು ಹರಿಯುವುದು ಕಟ್ಟಿಗೆಯ ದೋಷ ಅಲ್ಲವೇ ಅಲ್ಲ.

ದಿಕ್ಕಿನ ತಪ್ಪು ಅಲ್ಲದಿದ್ದರೆ

ಎಟಿಎಂ ಕಾರ್ಡು ತೆಗೆಯಿರಿ. ಅದರ ದಪ್ಪ 0.76 ಮಿ.ಮೀ. ಪ್ಲೇಟು ಮತ್ತು ಕಟ್ಟಿಗೆಯ ನಡುವೆ ಒಪ್ಪುವ ಸಂದು 0.8 ಮಿ.ಮೀ. ಹತ್ತಿರ. ಕಾರ್ಡು ಪ್ಲೇಟಿನ ಕೆಳಗೆ ಸರಾಗವಾಗಿ ಜಾರಿದರೆ ಆ ಭಾಗದ ಹಲ್ಲುಗಳ ಹಿಡಿತ ಕಮ್ಮಿ ಆಗಿದೆ ಎಂದರ್ಥ. ನಾಲ್ಕೂ ಅಂಚಿಗೆ ಹಾಕಿ ನೋಡಿ, ಎಲ್ಲಿ ಹೋಗುತ್ತದೆ ಎಲ್ಲಿ ಇಲ್ಲ ಎಂದು ಚಾಕ್‌ನಲ್ಲಿ ಗುರುತು ಮಾಡಿ. ಆ ಗುರುತೇ ಮುಂದಿನ ದಾರಿ ತೋರಿಸುತ್ತದೆ.

ನಾಲ್ಕೂ ಅಂಚು, ಎರಡೂ ಮುಖ, ಎಲ್ಲ ಜಾಯಿಂಟಿನಲ್ಲೂ ಸಮನಾಗಿ ಸ್ವಲ್ಪ ಎದ್ದಿದ್ದರೆ ಅದು ಒಣಗಿದ ಲಕ್ಷಣ. ಪ್ಲೇಟು ಒತ್ತುವಾಗ ಕಟ್ಟಿಗೆಯ ತೇವ 19 ಶೇಕಡಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಹಲ್ಲಿನ ಹಿಡಿತವನ್ನು 0.80ರಿಂದ ಗುಣಿಸಬೇಕು. ರಾಯಚೂರು ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹಂಚಿನ ಕೆಳಗೆ ಇನ್ನೂ ಬಿಸಿ. ಬಂದರಿನಿಂದ ಹಸಿಯಾಗಿ ಬಂದ ಪೈನು ಇಲ್ಲಿ ಒಂದೇ ಬೇಸಿಗೆಯಲ್ಲಿ 10ರ ಕೆಳಗೆ ಒಣಗಬಲ್ಲದು. ಆದರೂ ಲೆಕ್ಕ ಇರಲಿ. 38 ಮಿ.ಮೀ. ದಪ್ಪದ ಕಟ್ಟಿಗೆ ಅಷ್ಟು ಒಣಗಿದರೆ ಕುಗ್ಗುವುದು ಒಂದು, ಒಂದೂವರೆ ಮಿ.ಮೀ. ಎರಡು ಮುಖಕ್ಕೆ ಹಂಚಿದರೆ ಒಂದೊಂದು ಕಡೆ ಅರ್ಧದಿಂದ ಮುಕ್ಕಾಲು. ಒಂದೇ ಬೇಸಿಗೆ ಕಂಡ ಟ್ರಸ್ಸಿನಲ್ಲಿ ಪ್ಲೇಟು 3 ಮಿ.ಮೀ. ಎದ್ದಿದ್ದರೆ ಬಿಸಿಲಿನ ಮೇಲೆ ಹಾಕಬೇಡಿ. ಸೋರುವ ಮಾಡಿನಲ್ಲಿ ಮಾತ್ರ ವರ್ಷ ವರ್ಷ ನೆನೆದು ಒಣಗಿ ಹಲ್ಲು ಇಷ್ಟಿಷ್ಟೇ ಹೊರಗೆ ಬರುವುದುಂಟು. ಆಗ ಪ್ಲೇಟಿನ ಸುತ್ತ ನೀರಿನ ಕಲೆ ಇರುತ್ತದೆ.

ಒಂದು ಮುಖದ ಪ್ಲೇಟು ಮಾತ್ರ ಎದ್ದು, ಹಿಂದಿನದು ಗಟ್ಟಿ ಇದ್ದರೆ ಸಾಗಿಸುವಾಗ ಆಗಿದ್ದು. 50 ಡಿಗ್ರಿಯ 6 ಮೀಟರ್ ಟ್ರಸ್ಸು ಮೂರೂವರೆ ಮೀಟರಿಗಿಂತ ಎತ್ತರ. ಅದನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಲಗಿಸಿ, ತುದಿ ಹೊರಗೆ ಜೋಲಾಡಿಸಿಕೊಂಡು ಬಂದರೆ ನೆತ್ತಿ ಮಡಚುತ್ತದೆ. ಇಷ್ಟು ಎತ್ತರದ್ದನ್ನು ಎರಡು ತುಂಡಾಗಿ ಮಾಡಿಸಿ ಮೇಲೊಂದು ಟೋಪಿಯ ಹಾಗೆ ಕೂರಿಸುವ ಕ್ರಮವೂ ಇದೆ. ಸಾಗಿಸುವ ಖರ್ಚು, ತಲೆನೋವು ಎರಡೂ ಕಮ್ಮಿ.

ತಗಡಿನ ಮೇಲೆ ಅರ್ಧ ಚಂದ್ರದ ಗುಳಿಗಳು ಕಂಡರೆ ಸುತ್ತಿಗೆ. ಇದು ನಮ್ಮ ಕಡೆಯ ದೊಡ್ಡ ರೋಗ. ಪ್ರೆಸ್ಸು ಇಲ್ಲ, ಹಾಗಾಗಿ ಸುತ್ತಿಗೆಯಿಂದ ಹೊಡೆದು ಕೂರಿಸುತ್ತಾರೆ. ಒಂದು ಕಡೆ ಹೊಡೆದರೆ ಇನ್ನೊಂದು ಕಡೆ ಏಳುತ್ತದೆ, ಹಲ್ಲು ಬುಡದಲ್ಲೇ ಮಡಚುತ್ತದೆ. ಕಟ್ಟಿಗೆ ಗಟ್ಟಿ ಇದ್ದರಂತೂ ಮುಗಿಯಿತು. ಪೈನಿನ ಬದಲು ಮನೆಯಲ್ಲಿ ಬಿದ್ದಿದ್ದ ಮತ್ತಿ, ಜಾಲಿ ಹಾಕಿ, "ಇದು ಇನ್ನೂ ಸ್ಟ್ರಾಂಗು" ಎನ್ನುವವರಿದ್ದಾರೆ. ಕಟ್ಟಿಗೆ ಸ್ಟ್ರಾಂಗು ನಿಜ, ಆದರೆ ಈ ಹಲ್ಲು ಅದರೊಳಗೆ ಇಳಿಯುವುದಿಲ್ಲ. ಇಳಿದರೂ ಕಟ್ಟಿಗೆ ಸೀಳುತ್ತದೆ. ಗಟ್ಟಿ ಕಟ್ಟಿಗೆಗೆ ಬೋಲ್ಟು, ಹಳೆ ಕಾಲದ ಕಚ್ಚು ಜೋಡಣೆಯೇ ಸರಿ. ಹತ್ತಿರದಲ್ಲಿ ಪ್ರೆಸ್ಸು ಇಲ್ಲದಿದ್ದರೆ ಹಲ್ಲಿನ ಪ್ಲೇಟಿನ ಆಸೆಯನ್ನೇ ಬಿಡಿ.

ಸರಿ ಮಾಡುವುದು

ಎದ್ದ ಪ್ಲೇಟನ್ನು ಮತ್ತೆ ಹೊಡೆದು ಕೂರಿಸಬೇಡಿ. ಹಲ್ಲು ಇದ್ದ ತೂತು ಸಡಿಲ ಆಗಿರುತ್ತದೆ, ಒಳಗೆ ಹೋಗುತ್ತದೆ, ಹಿಡಿಯುವುದಿಲ್ಲ. ಕಿತ್ತ ಪ್ಲೇಟನ್ನು ಇನ್ನೊಂದು ಕಡೆ ಹಾಕಬೇಡಿ. ಹಳೆ ಪ್ಲೇಟಿನ ಮೇಲೆ ಹೊಸ ಪ್ಲೇಟು ಒತ್ತಬೇಡಿ. ದಿಕ್ಕು ಗೊತ್ತಾಯಿತೆಂದು ತಪ್ಪು ಪ್ಲೇಟನ್ನು ಕಿತ್ತು ತಿರುಗಿಸಿ ಹಾಕುವುದಂತೂ ಬೇಡವೇ ಬೇಡ. ಕೀಳುವಾಗ ಕಟ್ಟಿಗೆಯ ಎಳೆ ಕಿತ್ತು ಬರುತ್ತದೆ.

ಸಣಾಪುರದಲ್ಲಿ ಮಾಡಿದ್ದು ಪ್ಲೈವುಡ್ಡಿನ ಪಟ್ಟಿ. ಎದ್ದ ಪ್ಲೇಟನ್ನು ಹಾಗೇ ಬಿಟ್ಟು, ಅದರ ಉಬ್ಬಿಗೆ ತಕ್ಕ ಹಾಗೆ ಪ್ಲೈವುಡ್ಡಿನ ಒಳಮುಖವನ್ನು ಕೆತ್ತಿ, ಎರಡೂ ಮುಖಕ್ಕೆ ದೊಡ್ಡ ಪಟ್ಟಿ ಕೂರಿಸಿ ಮೊಳೆ ಹೊಡೆದೆವು. ಪ್ಲೈ ಎಷ್ಟು ದಪ್ಪ, ಮೊಳೆ ಎಷ್ಟು, ಯಾವ ಅಂತರ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರು ಬರೆದುಕೊಟ್ಟರು. ಮೊಳೆ ಜೋಡಣೆಗೆ ನಮ್ಮಲ್ಲಿ ಭಾರತೀಯ ಮಾನಕ ಐಎಸ್ 2366 ಇದೆ, ಕಟ್ಟಿಗೆ ವಿನ್ಯಾಸಕ್ಕೆ ಐಎಸ್ 883. ಅಂಗಡಿಯಲ್ಲಿ ಕೇಳುವಾಗ ಐಎಸ್ 710 ಗುರುತಿನ ಮರೈನ್ ಪ್ಲೈ ಕೇಳಿ, ಫರ್ನಿಚರ್ ಪ್ಲೈ ಬೇಡ. ಪಟ್ಟಿಯ ಹೊರ ಎಳೆ ಯಾವ ಕಡೆಗೆ ಓಡಬೇಕು ಎಂಬುದನ್ನೂ ಬರೆಸಿಕೊಳ್ಳಿ. ಪ್ಲೈವುಡ್ಡಿಗೂ ದಿಕ್ಕು ಇದೆ.

ಬಳ್ಳಾರಿ ಕಡೆ ಫ್ಯಾಬ್ರಿಕೇಷನ್ ಶೆಡ್ಡುಗಳು ಊರ ತುಂಬ ಇವೆ. ಅವರನ್ನು ಕರೆದರೆ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ, ಎರಡು ಬೋಲ್ಟು, ಆಯ್ತು ಅಂತಾರೆ. ನನಗೆ ಅದು ಒಪ್ಪಿಗೆ ಇಲ್ಲ. 38 ಮಿ.ಮೀ. ಕಟ್ಟಿಗೆಯಲ್ಲಿ ಅಂಚಿಗೆ ಹತ್ತಿರ 12 ಮಿ.ಮೀ. ತೂತು ಕೊರೆದರೆ ಇರುವ ಕಟ್ಟಿಗೆಯೂ ಸೀಳುತ್ತದೆ. ಬೋಲ್ಟು ಹಾಕಲೇಬೇಕೆಂದರೆ ಅಂಚಿನ ಅಂತರ, ತುದಿಯ ಅಂತರ ಲೆಕ್ಕ ಹಾಕಿದ ಮೇಲೆ. ಟ್ರಸ್ಸಿನ ಮೇಲೆ ವೆಲ್ಡಿಂಗ್ ಮಾತ್ರ ಯಾವ ಕಾರಣಕ್ಕೂ ಬೇಡ. ಕಟ್ಟಿಗೆ ಒಣಗಿ ಕೂತಿದೆ, ಒಂದು ಕಿಡಿ ಸಾಕು.

ಹೊಸ ಟ್ರಸ್ಸು ಮಾಡಿಸುವವರು ಆರ್ಡರ್ ಕೊಡುವಾಗಲೇ ನಾಲ್ಕು ಸಂಗತಿ ಕನ್ನಡದಲ್ಲೇ ಬರೆಸಿ, ಡ್ರಾಯಿಂಗಿನ ಪಕ್ಕ ಅಂಟಿಸಿಕೊಳ್ಳಿ. ಪ್ರತಿ ಜಾಯಿಂಟಿಗೆ ಸೀಳಿನ ದಿಕ್ಕಿನ ಬಾಣ. ಪ್ಲೇಟು ಜಾಯಿಂಟಿನ ನಡುವೆಯೋ, ಜರುಗಿಸಿಯೋ, ಎಷ್ಟು ಮಿ.ಮೀ. ಎಂಬುದು. ಎಡ ಬುಡ, ಬಲ ಬುಡಕ್ಕೆ ಬೇರೆ ಬೇರೆ ಅಚ್ಚು, ಒಂದಕ್ಕೆ ಕೆಂಪು ಬಣ್ಣ, ಒಂದಕ್ಕೆ ಹಸಿರು. ಒತ್ತುವ ದಿನ ಕಟ್ಟಿಗೆಯ ತೇವದ ರೀಡಿಂಗು. ಮೊದಲ ಟ್ರಸ್ಸು ಪ್ರೆಸ್ಸಿನಿಂದ ಇಳಿದ ಕೂಡಲೇ ಪಾರದರ್ಶಕ ಹಾಳೆ ಹಿಡಿದು ಹಲ್ಲು ಎಣಿಸಿ. ಅದು ಸರಿ ಬಂದ ಮೇಲೆ ಎರಡನೆಯದನ್ನು ಒತ್ತಲು ಹೇಳಿ.